ಲಂಡನ್ನಿನ ಬೀದಿಗಳಿಗೆ ಹೆಸರಿಟ್ಟವರು ಯಾರು?

ನೈಋತ್ಯ ಲಂಡನ್ನಿನ ಬ್ಯಾಟರ್ಸೀಯಲ್ಲಿ ‘ಮೈಸೂರ್ ರೋಡ್’ ಎಂಬ ಬೀದಿಯಿದೆ. ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿರುವ ಪಟ್ನಿಯಲ್ಲಿ ‘ಬ್ಯಾಂಗಲೋರ್ ಸ್ಟ್ರೀಟ್’ ಇದೆ. ಎರಡೂ ವಾಂಡ್ಸ್‌ವರ್ತ್ ಬರೋ ಕೌನ್ಸಿಲ್ಲಿನ, ಅಂದರೆ ಆ ಭಾಗದ ಸ್ಥಳೀಯ ಆಡಳಿತದ, ವ್ಯಾಪ್ತಿಗೆ ಸೇರಿದ, ಪ್ರವಾಸಿಗರು ಹುಡುಕಿಕೊಂಡು ಬರುವಂತಹ ವಿಶೇಷವೇನೂ ಇಲ್ಲದ ವಸತಿ ಬೀದಿಗಳು. ಆದರೂ ಊರಿನಿಂದ ಬಂದ ಬಂಧುಗಳಿಗೆ ಈ ನಾಮಫಲಕಗಳನ್ನು ತೋರಿಸಿದಾಗಲೆಲ್ಲ ಅವರ ಮುಖ ಅರಳುತ್ತದೆ. ಹಿಂದೆ ಇಲ್ಲಿ ನಮ್ಮವರು ಯಾರಾದರೂ ನೆಲೆಸಿದ್ದರೇ ಎಂಬ ಪ್ರಶ್ನೆಯೂ ಕೂಡಲೇ ಬರುತ್ತದೆ. ಅದು ಸಹಜವಾದ ಪ್ರಶ್ನೆಯೇ. ಕುಂಬಾರರಿದ್ದ ಕಡೆ ಕುಂಬಾರಪೇಟೆ, ಗಾಣಿಗರಿದ್ದ ಕಡೆ ಗಾಣಿಗರಪೇಟೆ ಎಂದು ಕೇಳಿ ಬೆಳೆದವರು ಹೆಸರಿನ ಹಿಂದೆ ಅಲ್ಲಿ ಬಾಳಿದ ಜನರನ್ನೇ ಹುಡುಕುತ್ತಾರೆ. ಲಂಡನ್ನಿನಲ್ಲಿಯೂ ಒಂದು ಕಾಲಕ್ಕೆ ಹಾಗೆಯೇ ಇತ್ತು. ಆಮೇಲೆ ಹೆಸರಿಡುವ ಹಕ್ಕು ಬೀದಿಯ ಜನರಿಂದ ಜಮೀನಿನ ಒಡೆಯರಿಗೆ, ಅವರಿಂದ ಮನೆ ಕಟ್ಟಿ ಮಾರುವವರಿಗೆ, ಕೊನೆಗೆ ನಗರಾಡಳಿತದ ಕಚೇರಿಗಳಿಗೆ ಕೈ ಬದಲಾಯಿಸಿತು. ಇದನ್ನು ತಿಳಿಯದೆ ಈ ಊರಿನ ನಾಮಫಲಕಗಳನ್ನು ಸರಿಯಾಗಿ ಓದಲಾಗುವುದಿಲ್ಲವೆಂದು ಇಲ್ಲಿ ನೆಲೆಸಿದ ಮೇಲೆ ನನಗೆ ಮನವರಿಕೆಯಾಗಿದೆ.

ಹಳೆಯ ಲಂಡನ್ ಎಂದರೆ ಥೇಮ್ಸ್ ನದಿಯ ಉತ್ತರ ದಂಡೆಯ ಮೇಲೆ ಸುಮಾರು ಒಂದು ಚದರ ಮೈಲಿಯಷ್ಟು ಮಾತ್ರ ಹರಡಿರುವ, ಈಗ ‘ಸಿಟಿ’ ಎಂದು ಕರೆಯುವ ಭಾಗ. ಅದರ ನಡುವೆ ಹಾದುಹೋಗುವ ಚೀಪ್‌ಸೈಡ್ ಮಧ್ಯಯುಗದಲ್ಲಿ ಊರಿನ ದೊಡ್ಡ ಪೇಟೆಬೀದಿಯಾಗಿತ್ತು. ಅದರ ಅಕ್ಕಪಕ್ಕದಲ್ಲಿ ರೊಟ್ಟಿ ಮಾರುತ್ತಿದ್ದ ಬ್ರೆಡ್ ಸ್ಟ್ರೀಟ್, ಹಾಲಿನವರ ಮಿಲ್ಕ್ ಸ್ಟ್ರೀಟ್, ಸೌದೆಯ ವುಡ್ ಸ್ಟ್ರೀಟ್, ಕಬ್ಬಿಣದ ವ್ಯಾಪಾರಿಗಳ ಐರನ್‌ಮಂಗರ್ ಲೇನ್ ಇಂದಿಗೂ ಅದೇ ಹೆಸರಿನಲ್ಲಿವೆ. ಪೂರ್ವದ ತುದಿಗೆ ಕೋಳಿ ಮಾರುಕಟ್ಟೆಯಿದ್ದ ಜಾಗದ ಹೆಸರು ಬರಿಯ ‘ಪೌಲ್ಟ್ರಿ’. ಸೇಂಟ್ ಪಾಲ್ಸ್ ಮಹಾದೇವಾಲಯದ ಮಗ್ಗುಲಲ್ಲಿ ಜಪಮಾಲೆ ಮಾಡುವವರಿದ್ದ ಸಾಲು, ಅದನ್ನು ಹಿಡಿದು ಹೇಳುವ ಲ್ಯಾಟಿನ್ ಪ್ರಾರ್ಥನೆಯ ಮೊದಲ ಪದಗಳಿಂದ, ಪೇಟರ್‌ನಾಸ್ಟರ್ ರೋ ಎನಿಸಿಕೊಂಡಿತು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆಗಳ ನಡುವೆ ಓಡಾಡಿದ ಬೆಂಗಳೂರಿನವರಿಗೆ ಈ ಓಣಿಗಳ ವ್ಯವಸ್ಥೆ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಇವು ಯಾರೂ ಸಭೆ ಸೇರಿ ಇಟ್ಟ ಹೆಸರುಗಳಲ್ಲ. ಹಾಲು ಬೇಕಾದವನು ಎಲ್ಲಿಗೆ ಹೋಗಬೇಕೆಂದು ಕೇಳುತ್ತಿದ್ದ, ತಿಳಿದವನು ಹೇಳುತ್ತಿದ್ದ. ತಲೆಮಾರುಗಳ ಕಾಲ ನಡೆದ ಈ ಮಾತುಕತೆಯಲ್ಲಿಯೇ ಹೆಸರು ಗಟ್ಟಿಯಾಯಿತು.

1666ರ ಮಹಾ ಅಗ್ನಿದುರಂತ ಆರಂಭವಾದ ಪುಡ್ಡಿಂಗ್ ಲೇನ್ ಎಂಬ ಓಣಿಯ ಹೆಸರನ್ನು ಕೇಳಿದವರು ಸಿಹಿತಿಂಡಿಯನ್ನು ನೆನೆಯುತ್ತಾರೆ. ಮಧ್ಯಯುಗದಲ್ಲಿ ಆ ಪದ ಪ್ರಾಣಿಗಳ ಕರುಳಿಗೂ ಸಲ್ಲುತ್ತಿತ್ತು. ಮೇಲ್ಭಾಗದ ಈಸ್ಟ್‌ಚೀಪ್‌ನಲ್ಲಿದ್ದ ಕಟುಕರು ಕರುಳು ಮತ್ತು ಕಸವನ್ನು ಈ ಇಳಿಜಾರಿನ ಓಣಿಯಲ್ಲಿ ಸಾಗಿಸಿ ನದಿಯ ದೋಣಿಗಳಿಗೆ ತುಂಬುತ್ತಿದ್ದರು. ಆ ಬೆಂಕಿಯಲ್ಲಿ ಸಿಟಿಯ ಬಹುಭಾಗ ಸುಟ್ಟುಹೋಯಿತು. ಆಮೇಲೆ ನಗರವನ್ನು ನೇರವಾದ ವಿಶಾಲ ಬೀದಿಗಳೊಡನೆ ಹೊಸದಾಗಿ ಕಟ್ಟುವ ಯೋಜನೆಗಳು ಬಂದರೂ ಜನರು ಬಹುಮಟ್ಟಿಗೆ ಹಳೆಯ ಓಣಿಗಳ ಗುರುತಿನಲ್ಲಿಯೇ ಮನೆಗಳನ್ನು ಎಬ್ಬಿಸಿದರು. ಕಟ್ಟಡಗಳು ಬೂದಿಯಾದರೂ ಹೆಸರುಗಳು ಉಳಿದುಕೊಂಡದ್ದು ಹೀಗೆ. ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಈ ಒಂದು ಚದರ ಮೈಲಿಯೊಳಗೆ ಸ್ಟ್ರೀಟ್, ಲೇನ್, ಕೋರ್ಟ್, ಆಲಿಗಳೆಲ್ಲ ಇದ್ದವು, ‘ರೋಡ್’ ಎಂಬುದು ಮಾತ್ರ ಒಂದೂ ಇರಲಿಲ್ಲ. 1994ರಲ್ಲಿ ಗಡಿಯನ್ನು ತಿದ್ದಿದಾಗ ಗಾಸ್ವೆಲ್ ರೋಡಿನ ಒಂದು ಭಾಗ ಒಳಗೆ ಸೇರಿ ಆ ಕೊರತೆ ನೀಗಿತು.

ಜನರ ಮಾತಿನಿಂದ ಹುಟ್ಟಿದ ಹೆಸರಿಗೆ ಎಷ್ಟು ಶಕ್ತಿಯಿದೆಯೆಂಬುದು ಪಿಕಡಿಲಿಯ ಕಥೆಯಲ್ಲಿ ಕಾಣುತ್ತದೆ. 17ನೇ ಶತಮಾನದ ಆರಂಭದಲ್ಲಿ ರಾಬರ್ಟ್ ಬೇಕರ್ ಎಂಬ ದರ್ಜಿ, ಆಗ ಸಿರಿವಂತರು ತೊಡುತ್ತಿದ್ದ ‘ಪಿಕಡಿಲ್’ ಎಂಬ ಕೊರಳಪಟ್ಟಿಗಳನ್ನು ಮಾರಿ ಹಣವಂತನಾಗಿ, ಊರಾಚೆಯ ಹೊಲಗಳ ನಡುವೆ ದೊಡ್ಡ ಮನೆ ಕಟ್ಟಿಸಿದ. ಜನರು ಅದನ್ನು ಪಿಕಡಿಲಿ ಹಾಲ್ ಎಂದರು. ಮುಂದೆ ಎರಡನೆಯ ಚಾರ್ಲ್ಸ್ ದೊರೆ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಮದುವೆಯಾದಾಗ, ಅಂದರೆ ಮುಂಬಯಿ ಬಳುವಳಿಯಾಗಿ ಇಂಗ್ಲೆಂಡಿಗೆ ಸೇರಿದ ಆ ಮದುವೆಯ ಕಾಲದಲ್ಲಿ, ರಾಣಿಯ ಗೌರವಾರ್ಥ ಅಲ್ಲಿನ ಬೀದಿಯ ಒಂದು ಭಾಗವನ್ನು ಪೋರ್ಚುಗಲ್ ಸ್ಟ್ರೀಟ್ ಎಂದೂ, ಹತ್ತಿರದ ಇನ್ನೊಂದು ಬೀದಿಯನ್ನು ಕ್ಯಾಥರೀನ್ ಸ್ಟ್ರೀಟ್ ಎಂದೂ ಕರೆಯಲಾಯಿತು. ಜನರು ಮೊದಲನೆಯದನ್ನು ಪಿಕಡಿಲಿ ಎನ್ನುವುದನ್ನೂ, ಎರಡನೆಯದನ್ನು ಅಲ್ಲಿ ಆಡುತ್ತಿದ್ದ ಮರದ ಚೆಂಡಿನ ಆಟದ ಹೆಸರಿನಿಂದ ಪಾಲ್ ಮಾಲ್ ಎನ್ನುವುದನ್ನೂ ಬಿಡಲಿಲ್ಲ. ಅರಮನೆ ಇಟ್ಟ ಎರಡು ಹೆಸರುಗಳೂ ಅಳಿದು, ದರ್ಜಿಯ ಸರಕೂ ಆಟವೂ ನಕ್ಷೆಯಲ್ಲಿ ನಿಂತಿವೆ.

ಸುರಂಗ ರೈಲಿನ ನಿಲ್ದಾಣಗಳಾದ ಏಂಜಲ್, ಸ್ವಿಸ್ ಕಾಟೇಜ್, ಎಲಿಫೆಂಟ್ ಅಂಡ್ ಕ್ಯಾಸಲ್‌ಗಳ ಹೆಸರುಗಳು ಅಲ್ಲಲ್ಲಿನ ಪಾನಗೃಹಗಳಿಂದ ಬಂದವು. ಬೆಂಗಳೂರಿನಲ್ಲಿ ಚಿತ್ರಮಂದಿರದಿಂದ ನವರಂಗ್, ಕಾರ್ಖಾನೆಯಿಂದ ಬಿನ್ನಿ ಮಿಲ್ ಎಂದು ಬಸ್ ನಿಲುಗಡೆಗಳು ಹೆಸರು ಪಡೆದಂತೆಯೇ ಇದು. ಎಲಿಫೆಂಟ್ ಅಂಡ್ ಕ್ಯಾಸಲ್ ವಿಷಯದಲ್ಲಿ, ಅದು ಸ್ಪೇನಿನ ರಾಜಕುಮಾರಿಯೊಬ್ಬಳ ಬಿರುದು ಜನರ ಬಾಯಲ್ಲಿ ತಿರುಚಿಕೊಂಡ ರೂಪವೆಂಬ ಕಥೆಯನ್ನು ಇಲ್ಲಿನವರು ಬಹಳ ಪ್ರೀತಿಯಿಂದ ಹೇಳುತ್ತಾರೆ. ದಾಖಲೆಗಳಲ್ಲಿ ಸಿಗುವುದು 18ನೇ ಶತಮಾನದ ಆ ಹೆಸರಿನ ಪಾನಗೃಹ ಮಾತ್ರ. ಬೆಂದ ಕಾಳಿನಿಂದ ಬೆಂಗಳೂರಾಯಿತೆಂಬ ವೀರಬಲ್ಲಾಳನ ಕಥೆ ಇದಕ್ಕೆ ಹತ್ತಿರದ ಸೋದರ. ಆ ದೊರೆಗಿಂತ ಸುಮಾರು ಮೂರು ಶತಮಾನ ಹಿಂದಿನ, ಕ್ರಿ.ಶ. 890ರ ಸುಮಾರಿನ ಬೇಗೂರಿನ ವೀರಗಲ್ಲಿನಲ್ಲಿಯೇ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ಇಂತಹ ಕಥೆಗಳನ್ನು ಸುಳ್ಳೆಂದು ತಳ್ಳಿಹಾಕುವುದು ನನಗೆ ಇಷ್ಟವಿಲ್ಲ. ತಾವಿರುವ ಜಾಗದ ಹೆಸರು ಸುಮ್ಮನೆ ಬಂದದ್ದಲ್ಲ, ಅದರ ಹಿಂದೆ ಏನೋ ನಡೆದಿದೆ ಎಂದು ಜನರು ನಂಬುವುದರಿಂದಲೇ ಅವು ಹುಟ್ಟುತ್ತವೆ. ಆದರೆ ಕಥೆಯನ್ನು ಕಥೆಯೆಂದೂ ಶಾಸನವನ್ನು ಶಾಸನವೆಂದೂ ಮಕ್ಕಳಿಗೆ ಹೇಳಬೇಕು.

17ನೇ ಶತಮಾನದಿಂದ ಸಿಟಿಯ ಪಶ್ಚಿಮಕ್ಕೆ ಶ್ರೀಮಂತ ಮನೆತನಗಳು ತಮ್ಮ ಜಮೀನುಗಳನ್ನು ನಿವೇಶನಗಳಾಗಿ ಒಡೆಯತೊಡಗಿದವು. ಬಕಿಂಗ್‌ಹ್ಯಾಮ್ ಡ್ಯೂಕ್ ಜಾರ್ಜ್ ವಿಲಿಯರ್ಸ್ 1672ರಲ್ಲಿ ಚೇರಿಂಗ್ ಕ್ರಾಸ್ ಬಳಿಯ ತನ್ನ ಅರಮನೆಯನ್ನು ಮಾರುವಾಗ, ಅಲ್ಲಿ ಎದ್ದುಬರುವ ಬೀದಿಗಳಲ್ಲಿ ತನ್ನ ಹೆಸರೂ ಬಿರುದೂ ಸಂಪೂರ್ಣವಾಗಿ ಉಳಿಯಬೇಕೆಂದು ಷರತ್ತು ಹಾಕಿದ. ಅದರಂತೆ ಜಾರ್ಜ್ ಸ್ಟ್ರೀಟ್, ವಿಲಿಯರ್ಸ್ ಸ್ಟ್ರೀಟ್, ಡ್ಯೂಕ್ ಸ್ಟ್ರೀಟ್, ಬಕಿಂಗ್‌ಹ್ಯಾಮ್ ಸ್ಟ್ರೀಟ್ ಹುಟ್ಟಿದವು. ‘ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್’ ಎಂಬುದರ ನಡುವಿನ ‘ಆಫ್’ ಕೂಡ ಬಿಟ್ಟುಹೋಗಬಾರದೆಂದು ಒಂದು ಕಿರುಗಲ್ಲಿಗೆ ‘ಆಫ್ ಆಲಿ’ ಎಂದೇ ಹೆಸರಾಯಿತು. ಈಗ ಅದರ ಫಲಕದಲ್ಲಿ ಯಾರ್ಕ್ ಪ್ಲೇಸ್ ಎಂದಿದ್ದು, ಕೆಳಗೆ ಹಿಂದಿನ ಹೆಸರನ್ನೂ ಬರೆದಿದ್ದಾರೆ. ಪ್ರಧಾನಮಂತ್ರಿಯ ನಿವಾಸವಿರುವ ಡೌನಿಂಗ್ ಸ್ಟ್ರೀಟ್ 1680ರ ದಶಕದಲ್ಲಿ ಆ ಮನೆಗಳನ್ನು ಕಟ್ಟಿಸಿ ಲಾಭ ಮಾಡಿದ ಸರ್ ಜಾರ್ಜ್ ಡೌನಿಂಗನ ಹೆಸರು. ಬ್ಲೂಮ್ಸ್‌ಬರಿಯ ರಸೆಲ್, ಟ್ಯಾವಿಸ್ಟಾಕ್, ವೋಬರ್ನ್ ಹೆಸರುಗಳೆಲ್ಲ ಬೆಡ್‌ಫರ್ಡ್ ಡ್ಯೂಕರ ಮನೆತನದವು, ಅವರ ಊರುಗಳವು.

ಈ ಸಾಲಿನಲ್ಲಿ ನಮ್ಮ ನಾಡಿಗೆ ನೇರವಾಗಿ ತಾಗುವುದು ಕ್ಯಾಮ್ಡನ್ನಿನ ಮಾರ್ನಿಂಗ್‌ಟನ್ ಕ್ರೆಸೆಂಟ್. 1820ರ ದಶಕದಲ್ಲಿ ಕಟ್ಟಿದ ಈ ಅರ್ಧವೃತ್ತದ ಬೀದಿಗೆ ಮಾರ್ನಿಂಗ್‌ಟನ್ ಅರ್ಲ್ ಪದವಿಯ ಹೆಸರನ್ನಿಟ್ಟರು. ಆ ಪದವಿಯನ್ನು ಹೊಂದಿದ್ದ ರಿಚರ್ಡ್ ವೆಲ್ಲೆಸ್ಲಿಯೇ 1799ರಲ್ಲಿ ಗವರ್ನರ್ ಜನರಲ್ ಆಗಿ ನಾಲ್ಕನೆಯ ಮೈಸೂರು ಯುದ್ಧವನ್ನು ನಡೆಸಿದವನು. ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಅದೇ ವರ್ಷ ಅವನನ್ನು ಮಾರ್ಕ್ವಿಸ್ ಪದವಿಗೆ ಏರಿಸಲಾಯಿತು. ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ಹೊತ್ತ ಅವನ ತಮ್ಮ ಆರ್ಥರ್ ಮುಂದೆ ವೆಲ್ಲಿಂಗ್‌ಟನ್ ಡ್ಯೂಕ್ ಎನಿಸಿಕೊಂಡ, ಅವನ ಹೆಸರಿನ ಬೀದಿಗಳು ಲಂಡನ್ನಿನಲ್ಲಿ ಅನೇಕ. 1907ರಿಂದ ಮಾರ್ನಿಂಗ್‌ಟನ್ ಕ್ರೆಸೆಂಟ್ ಒಂದು ರೈಲು ನಿಲ್ದಾಣವೂ ಹೌದು. ದಿನವೂ ಅದರ ಮೂಲಕ ಹಾದುಹೋಗುವ ಸಾವಿರಾರು ಜನರಿಗೆ ಕಾವೇರಿಯ ನಡುವಿನ ಒಂದು ದ್ವೀಪಕ್ಕೂ ಈ ಹೆಸರಿಗೂ ಇರುವ ನಂಟು ತಿಳಿಯದು. ನಮಗಾದರೂ ತಿಳಿದಿರಲಿ ಎಂಬುದು ನನ್ನ ಆಸೆ.

ಇನ್ನು ಬ್ಯಾಟರ್ಸೀಗೆ ಬರೋಣ. 1863ರಲ್ಲಿ ಕ್ಲ್ಯಾಪಮ್ ಜಂಕ್ಷನ್ ನಿಲ್ದಾಣ ತೆರೆದ ಮೇಲೆ ಸುತ್ತಲಿನ ತರಕಾರಿ ತೋಟಗಳೆಲ್ಲ ಕೆಲವೇ ದಶಕಗಳಲ್ಲಿ ಸಾಲುಮನೆಗಳಾದವು. ಅಲ್ಲಿ ಹಾಲಿನವರ ಬೀದಿ, ಕಮ್ಮಾರರ ಬೀದಿ ಎಂದು ಕರೆಯಲು ಜನರೇ ಇನ್ನೂ ಬಂದಿರಲಿಲ್ಲ. ಮನೆಗಳಿಗಿಂತ ಮೊದಲೇ ಹೆಸರು ಬೇಕಾಗಿತ್ತು. ಕಟ್ಟುವವರು ತಮಗೆ ತೋಚಿದ ಹೆಸರನ್ನು ಸೂಚಿಸುತ್ತಿದ್ದರು, 1855ರ ಕಾಯಿದೆಯಿಂದ ರಚಿತವಾದ ಮೆಟ್ರೊಪಾಲಿಟನ್ ಬೋರ್ಡ್ ಆಫ್ ವರ್ಕ್ಸ್ ಅದನ್ನು ಒಪ್ಪುತ್ತಿತ್ತು ಅಥವಾ ತಿರಸ್ಕರಿಸುತ್ತಿತ್ತು. ಒಂದೇ ಹೆಸರಿನ ಹತ್ತಾರು ಬೀದಿಗಳಿಂದ ಅಂಚೆಯವರು ಸೋತುಹೋಗಿದ್ದರಿಂದ, ಲಂಡನ್ನಿನಲ್ಲಿ ಇನ್ನೆಲ್ಲಿಯೂ ಇಲ್ಲದ ಹೆಸರನ್ನು ತಂದರೆ ಕೆಲಸ ಸುಲಭವಾಗುತ್ತಿತ್ತು. ಸಾಮ್ರಾಜ್ಯದ ಸುದ್ದಿಗಳಲ್ಲಿ ಅಂತಹ ಹೆಸರುಗಳು ಬೇಕಾದಷ್ಟಿದ್ದವು. ಬ್ಯಾಟರ್ಸೀಯ ಒಂದೇ ಭಾಗದಲ್ಲಿ ಅಫ್ಘನ್ ರೋಡ್, ಕಾಬೂಲ್ ರೋಡ್, ಕಂದಹಾರ್ ರೋಡ್, ಖೈಬರ್ ರೋಡ್‌ಗಳು ಗುಂಪಾಗಿವೆ. 1878ರಿಂದ 1880ರವರೆಗೆ ನಡೆದ ಎರಡನೆಯ ಅಫ್ಘನ್ ಯುದ್ಧದ ನೆನಪು ಅದು. ಲಂಡನ್ನಿನ ಬೇರೆ ಬಡಾವಣೆಗಳಲ್ಲಿ ಕ್ರೈಮಿಯಾ ಯುದ್ಧದ ಆಲ್ಮಾ, ಇಂಕರ್ಮನ್‌ಗಳೂ ದಕ್ಷಿಣ ಆಫ್ರಿಕದ ಬೋಅರ್ ಯುದ್ಧದ ಲೇಡಿಸ್ಮಿತ್, ಮೆಫೆಕಿಂಗ್‌ಗಳೂ ಸಿಗುತ್ತವೆ.

ಅದೇ ದಶಕಗಳಲ್ಲಿ ಮೈಸೂರು ಕೂಡ ಲಂಡನ್ನಿನ ಪತ್ರಿಕೆಗಳಿಗೆ ಚಿರಪರಿಚಿತವಾಗಿತ್ತು. 1831ರಿಂದ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ ಸಂಸ್ಥಾನವನ್ನು 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಲಾಯಿತು. ಅದಕ್ಕೂ ಮುನ್ನ 1876ರಿಂದ 78ರವರೆಗಿನ ಭೀಕರ ಬರಗಾಲದಲ್ಲಿ ಮೈಸೂರಿನ ಲಕ್ಷಾಂತರ ಜನ ಸತ್ತರು. ದಕ್ಷಿಣ ಭಾರತದ ಸಂತ್ರಸ್ತರಿಗಾಗಿ 1877ರಲ್ಲಿ ಲಂಡನ್ನಿನ ಲಾರ್ಡ್ ಮೇಯರ್ ತಮ್ಮ ಅಧಿಕೃತ ನಿವಾಸವಾದ ಮ್ಯಾನ್ಷನ್ ಹೌಸಿನಿಂದ ದೊಡ್ಡ ನಿಧಿಯೊಂದನ್ನು ಸಂಗ್ರಹಿಸಿದರು. ನಮ್ಮ ಹಿರಿಯರ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಸಂಕಟವಾಗಿದ್ದ ಕಾಲದಲ್ಲಿ ನಮ್ಮ ಊರಿನ ಹೆಸರು ಇಲ್ಲಿ ಬೆಳಗಿನ ಪತ್ರಿಕೆಯ ಸುದ್ದಿಯಾಗಿತ್ತು. ಮೈಸೂರ್ ರೋಡಿನ ಫಲಕವನ್ನು ನೋಡಿ ಹೆಮ್ಮೆಪಡುವ ಬಂಧುಗಳಿಗೆ ನಾನು ಈ ಮಾತನ್ನೂ ಹೇಳುತ್ತೇನೆ. ಹೆಮ್ಮೆ ಬೇಡವೆಂದಲ್ಲ, ಅದರೊಂದಿಗೆ ಇದೂ ಸೇರಬೇಕು.

ಪೂರ್ವದ ಪಾಪ್ಲರ್‌ನಲ್ಲಿದ್ದ ಈಸ್ಟ್ ಇಂಡಿಯಾ ಹಡಗುಕಟ್ಟೆ 1967ರಲ್ಲಿ ಮುಚ್ಚಿತು. ಆ ಜಾಗವನ್ನು ಕಚೇರಿಗಳಿಗಾಗಿ ಮತ್ತೆ ಕಟ್ಟಿದಾಗ ಕ್ಲೋವ್ ಕ್ರೆಸೆಂಟ್, ನಟ್‌ಮೆಗ್ ಲೇನ್, ಸ್ಯಾಫ್ರನ್ ಅವೆನ್ಯೂ, ಕೊರಿಯಾಂಡರ್ ಅವೆನ್ಯೂ ಎಂದು ಹೆಸರಿಟ್ಟರು. ಲವಂಗ, ಜಾಯಿಕಾಯಿ, ಕೇಸರಿ, ಕೊತ್ತಂಬರಿಗಳ ಪರಿಮಳವಷ್ಟೇ ಉಳಿದು, ಕಂಪನಿಯ ವ್ಯಾಪಾರದ ಇನ್ನೊಂದು ಮುಖ ಮರೆಯಾಗಿದೆ; ಇದು ನನಗೆ ಒಪ್ಪಿಗೆಯಾಗದ ನಾಮಕರಣ.

ಹೆಸರಿಡುವ ಹಕ್ಕು ಬೀದಿಯಲ್ಲಿ ಬದುಕುವವರಿಗೆ ಸ್ವಲ್ಪವಾದರೂ ಮರಳಿದ್ದು ನಮ್ಮ ಕಾಲದಲ್ಲಿ, ಅದೂ ಹೋರಾಟದಿಂದ. 1978ರ ಮೇ 4ರಂದು ವೈಟ್‌ಚಾಪೆಲ್‌ನಲ್ಲಿ ಅಲ್ತಾಬ್ ಅಲಿ ಎಂಬ ಬಂಗಾಳಿ ಯುವಕನನ್ನು ಜನಾಂಗದ್ವೇಷದಿಂದ ಕೊಲ್ಲಲಾಯಿತು. ಸಿದ್ಧ ಉಡುಪಿನ ಕಾರ್ಖಾನೆಯೊಂದರ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಅವರು ಬಿದ್ದದ್ದು ಸೇಂಟ್ ಮೇರಿ ಪಾರ್ಕಿನ ಬಳಿ. ಸಾವಿರಾರು ಬಂಗಾಳಿಗಳು ಅವರ ಶವಪೆಟ್ಟಿಗೆಯ ಹಿಂದೆ ಮೆರವಣಿಗೆಯಲ್ಲಿ ನಡೆದರು. 1998ರಲ್ಲಿ ಆ ಉದ್ಯಾನ ಅಲ್ತಾಬ್ ಅಲಿ ಪಾರ್ಕ್ ಆಯಿತು. ಪಕ್ಕದ ಬ್ರಿಕ್ ಲೇನಿನ ಫಲಕಗಳಲ್ಲಿ ಇಂಗ್ಲಿಷಿನ ಜೊತೆಗೆ ಬಂಗಾಳಿ ಲಿಪಿಯಿದೆ. ಸೌತಾಲ್‌ನಲ್ಲಿ, 1857ರ ದಂಗೆಯನ್ನು ಹತ್ತಿಕ್ಕಿದ ಸೇನಾನಿಯ ಹೆಸರಿನ ಹ್ಯಾವ್‌ಲಾಕ್ ರೋಡಿನಲ್ಲಿ, ಗುರುದ್ವಾರದ ಎದುರಿನ ಭಾಗಕ್ಕೆ ಇತ್ತೀಚೆಗೆ ಗುರುನಾನಕ್ ರೋಡ್ ಎಂದು ಹೆಸರಾಗಿದೆ. ಬದುಕಿರುವವರ ಹೆಸರನ್ನು ಸಾಮಾನ್ಯವಾಗಿ ಇಡದ ಈ ಊರಿನಲ್ಲಿ, ನೆಲ್ಸನ್ ಮಂಡೇಲಾ ಇನ್ನೂ ಸೆರೆಮನೆಯಲ್ಲಿದ್ದ 1980ರ ದಶಕದಲ್ಲಿಯೇ, ವರ್ಣಭೇದ ವಿರೋಧಿ ಚಳವಳಿಯ ಕಚೇರಿಯಿದ್ದ ಕ್ಯಾಮ್ಡನ್ನಿನ ಸೆಲೂಸ್ ಸ್ಟ್ರೀಟನ್ನು ಮಂಡೇಲಾ ಸ್ಟ್ರೀಟ್ ಮಾಡಿದರು.

ಹೆಸರು ಬದಲಿಸುವುದು ಸುಲಭದ ಕೆಲಸವಲ್ಲ, ಆಗಬಾರದು ಕೂಡ. ಹ್ಯಾರಿಂಗೇ ಬರೋ ಕೌನ್ಸಿಲ್ಲಿನ ವ್ಯಾಪ್ತಿಯಲ್ಲಿ ಬ್ಲ್ಯಾಕ್ ಬಾಯ್ ಲೇನ್ ಎಂಬ ಬೀದಿಯಿತ್ತು. ಕಪ್ಪು ಜನರನ್ನು ಹೀಗಳೆಯುವ ಹೆಸರೆಂದು 2020ರಲ್ಲಿ ಪ್ರಶ್ನೆ ಎದ್ದಾಗ ಕೌನ್ಸಿಲ್ ನಿವಾಸಿಗಳ ಅಭಿಪ್ರಾಯ ಕೇಳಿ ದೀರ್ಘವಾಗಿ ಚರ್ಚಿಸಿತು. 2023ರ ಜನವರಿಯಲ್ಲಿ ಅದು ಲ ರೋಸ್ ಲೇನ್ ಆಯಿತು. ಟ್ರಿನಿಡಾಡಿನಿಂದ ಬಂದು 1966ರಲ್ಲಿ ನ್ಯೂ ಬೀಕನ್ ಬುಕ್ಸ್ ಎಂಬ ಪ್ರಕಾಶನವನ್ನು ಸ್ಥಾಪಿಸಿ, ಕಪ್ಪು ಲೇಖಕರ ಕೃತಿಗಳನ್ನು ಇಂಗ್ಲೆಂಡಿನ ಓದುಗರಿಗೆ ತಲುಪಿಸಿದ ಕವಿ ಜಾನ್ ಲ ರೋಸ್ ಅವರ ಹೆಸರದು. ಬ್ಯಾಂಕು, ವಿಮೆ, ವಾಹನ ಪರವಾನಗಿಗಳಲ್ಲೆಲ್ಲ ವಿಳಾಸ ತಿದ್ದಿಸುವ ತೊಂದರೆಗಾಗಿ ಮನೆಯೊಂದಕ್ಕೆ 300 ಪೌಂಡ್ ಕೊಡಲು ಕೌನ್ಸಿಲ್ ಮುಂದಾಯಿತು. ಆದರೂ ಕೆಲವು ನಿವಾಸಿಗಳು ಹಳೆಯ ಹೆಸರಿನ ಫಲಕವನ್ನು ತಮ್ಮ ಮನೆಗಳ ಮುಂದೆ ತೂಗುಹಾಕಿದರು. ಅವರೆಲ್ಲರನ್ನೂ ದ್ವೇಷಿಗಳೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ದಶಕಗಳಿಂದ ಒಂದೇ ವಿಳಾಸಕ್ಕೆ ಪತ್ರ ಪಡೆದವರಿಗೆ ಆ ಹೆಸರು ಮನೆಯ ಒಂದು ಭಾಗವೇ ಆಗಿರುತ್ತದೆ. ಆದರೂ ಬದಲಾವಣೆ ಸರಿಯೆಂದೇ ನನ್ನ ತೀರ್ಮಾನ, ಏಕೆಂದರೆ ಆ ಹೆಸರನ್ನು ಪ್ರತಿದಿನ ಓದಿ ನೋಯುತ್ತಿದ್ದವರೂ ಅದೇ ಬೀದಿಯಲ್ಲಿ ನಡೆದಾಡುವವರು.

ಇಂದು ಲಂಡನ್ನಿನಲ್ಲಿ ಹೊಸ ಬೀದಿಗೆ ಹೆಸರಿಡಬೇಕಾದರೆ ಬರೋ ಕೌನ್ಸಿಲ್ಲಿನಲ್ಲಿ ಅದಕ್ಕೆಂದೇ ಇರುವ ಅಧಿಕಾರಿಗೆ ಅರ್ಜಿ ಹೋಗುತ್ತದೆ. ಹತ್ತಿರದ ಇನ್ನೊಂದು ಹೆಸರಿನಂತೆ ಕೇಳಿಸಿದರೆ ಬೆಂಕಿ ಬಿದ್ದ ಮನೆಗೆ ವಾಹನ ತಲುಪುವುದು ತಡವಾದೀತೆಂದು ಅಗ್ನಿಶಾಮಕ ದಳದ ಅಭಿಪ್ರಾಯ ಕೇಳುತ್ತಾರೆ, ಆಮೇಲೆ ಅಂಚೆ ಸಂಸ್ಥೆಯಾದ ರಾಯಲ್ ಮೇಲ್ ಪೋಸ್ಟ್‌ಕೋಡ್ ಕೊಡುತ್ತದೆ. ಸ್ಥಳದ ಇತಿಹಾಸಕ್ಕೆ ಸಂಬಂಧಿಸಿದ ಹೆಸರಿಗೆ ಅನೇಕ ಕೌನ್ಸಿಲ್ಲುಗಳು ಆದ್ಯತೆ ಕೊಡುವುದರಿಂದ, ಬಡಾವಣೆ ಏಳುವ ಮುನ್ನ ಅಲ್ಲಿದ್ದ ಹೊಲ, ಇಟ್ಟಿಗೆಗೂಡು, ಕಾರ್ಖಾನೆಗಳ ಹೆಸರನ್ನು ಹಳೆಯ ನಕ್ಷೆಗಳಿಂದ ಹುಡುಕಿ ಸೂಚಿಸುವ ಸ್ಥಳೀಯ ಇತಿಹಾಸ ಸಂಘಗಳು ಇಲ್ಲಿ ಬಹಳ. ಕೆರೆ ಮುಚ್ಚಿ ಎದ್ದ ನಮ್ಮ ಬಡಾವಣೆಗಳಲ್ಲಿ ಇಷ್ಟನೆಯ ಮುಖ್ಯರಸ್ತೆ, ಇಷ್ಟನೆಯ ಅಡ್ಡರಸ್ತೆ ಎಂದು ಫಲಕ ನೆಡುವ ಮೊದಲು, ಆ ಕೆರೆಯ, ಕಟ್ಟೆಯ, ತೋಪಿನ ಹೆಸರನ್ನು ಬಲ್ಲ ಹಿರಿಯರನ್ನು ಕೇಳಿ ಬರೆದಿಡುವ ಕೆಲಸವನ್ನು ಅಲ್ಲಿರುವ ಗೆಳೆಯರು ಕೈಗೆತ್ತಿಕೊಂಡರೆ, ಇಲ್ಲಿನ ಸಂಘಗಳು ಹಳೆಯ ನಕ್ಷೆ ಓದುವ, ಹೆಸರುಗಳನ್ನು ದಾಖಲಿಸುವ ಕ್ರಮವನ್ನು ಕೇಳಿ ತಿಳಿದು ಕಳುಹಿಸಲು ನಾನು ಸಿದ್ಧನಿದ್ದೇನೆ.