ಗಿಟಾರ್ ಹಿಡಿದು ಶರೀಫರನ್ನು ಹಾಡಿದರೆ ಅದು ಜಾನಪದವೇ?

ಶಿವಮೊಗ್ಗದಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡುವ ನನಗೆ ಈ ಪ್ರಶ್ನೆ ತಪ್ಪಿದ್ದಿಲ್ಲ. ಭಜನಾ ಮಂಡಳಿಯ ಹಿರಿಯರು ಕೇಳುತ್ತಾರೆ, ಮಕ್ಕಳನ್ನು ಬಿಡಲು ಬಂದ ಅಪ್ಪ-ಅಮ್ಮ ಕೇಳುತ್ತಾರೆ: "ಆ ರಘು ದೀಕ್ಷಿತ್ ಲುಂಗಿ ಉಟ್ಟು, ಗೆಜ್ಜೆ ಕಟ್ಕೊಂಡು, ಗಿಟಾರ್ ಹಿಡ್ಕೊಂಡು ಶರೀಫಜ್ಜನ ಪದ ಹಾಡ್ತಾರಲ್ಲ ಮೇಷ್ಟ್ರೇ, ಮೂಲ ಧಾಟಿ ಕೆಟ್ಟುಹೋಗಲಿಲ್ವಾ?"

ಯಾವ ಮೂಲ ಧಾಟಿ? ಶಿಶುನಾಳ ಶರೀಫರ ಕಾಲ 1819ರಿಂದ 1889. ಪದಗಳು ಬಾಯಿಂದ ಬಾಯಿಗೆ ಉಳಿದವು. ಸ್ವರಲಿಪಿ ಯಾರೂ ಬರೆದಿಡಲಿಲ್ಲ. 'ಸೋರುತಿಹುದು ಮನೆಯ ಮಾಳಿಗಿ' ಅಂದಕೂಡಲೇ ನಮ್ಮ ಕಿವಿಯಲ್ಲಿ ಏಳುವುದು ಸಿ. ಅಶ್ವತ್ಥ್ ಹಾಕಿದ ಧಾಟಿ. 1990ರಲ್ಲಿ ಶರೀಫರ ಮೇಲೆ ಸಿನಿಮಾ ಬಂದಮೇಲಂತೂ ಅದು ಮನೆಮನೆಯ ಹಾಡಾಯಿತು. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ನಮ್ಮ ಶಿವಮೊಗ್ಗ ಸುಬ್ಬಣ್ಣ ಶರೀಫರನ್ನು ಹಾಡಿದ್ದೂ ಸುಗಮ ಸಂಗೀತದ ದಾರಿಯಲ್ಲೇ. ಅವರೆಲ್ಲ ಮುಂದಿಟ್ಟುಕೊಂಡ ಹಾರ್ಮೋನಿಯಂ ಕೂಡ ಯುರೋಪಿನಿಂದ ಹಡಗು ಹತ್ತಿ ಬಂದದ್ದು. ಅದನ್ನು ನಮ್ಮದು ಮಾಡಿಕೊಂಡವರು ಗಿಟಾರನ್ನು ಹೊರಗೆ ನಿಲ್ಲಿಸುವುದು ನನಗೆ ನ್ಯಾಯವೆನಿಸುವುದಿಲ್ಲ.

ಇನ್ನು ಹಾಡುವವರ ವಿಷಯ. ರಘು ಬೆಳೆದದ್ದು ಮೈಸೂರಿನಲ್ಲಿ. ಭರತನಾಟ್ಯ ಕಲಿತವರು, ಸೂಕ್ಷ್ಮಜೀವಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವರು. ಗಿಟಾರ್ ಕೈಗೆ ಬಂದದ್ದು ಕಾಲೇಜಿಗೆ ಸೇರಿದ ಮೇಲೆ. ಮೊದಲು 'ಅಂತರಾಗ್ನಿ' ಎಂಬ ಬ್ಯಾಂಡ್ ಕಟ್ಟಿದರು, ಅದು ಮುಗಿದಮೇಲೆ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್'. ವಾದ್ಯಗಾರರು ಬರಬಹುದು, ಹೋಗಬಹುದು, ಹಾಡು ನಿಲ್ಲಬಾರದು ಅನ್ನುವ ಏರ್ಪಾಡು ಅದು. ವರ್ಷಗಟ್ಟಲೆ ಕ್ಯಾಸೆಟ್ ಕಂಪನಿಗಳ ಬಾಗಿಲು ತಟ್ಟಿದರೂ ತೆರೆಯಲಿಲ್ಲ. ಕೊನೆಗೆ 2008ರಲ್ಲಿ ಹಿಂದಿ ಸಿನಿಮಾಗಳ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿ ಮೊದಲ ಆಲ್ಬಂ ಹೊರತಂದಿತು. ಸ್ವಂತ ಹಿಂದಿ ಹಾಡುಗಳ ಪಕ್ಕದಲ್ಲೇ ಶರೀಫರ 'ಸೋರುತಿಹುದು', 'ಗುಡುಗುಡಿಯ ಸೇದಿ ನೋಡೋ' ಎರಡನ್ನೂ ಇಟ್ಟರು. ಕನ್ನಡ ಬಾರದ ಊರುಗಳಲ್ಲಿ ಮಾರಾಟವಾಗಬೇಕಾದ ಆಲ್ಬಂನಲ್ಲಿ ಹಳೆಯ ಧಾರವಾಡ ಸೀಮೆಯ ತತ್ವಪದ! ಆ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಈ ಬ್ಯಾಂಡ್ ಹಾಡಿತು.

ಜಾನಪದವೇ ಎಂಬ ಪ್ರಶ್ನೆಗೆ ನನ್ನ ಉತ್ತರ ನಮ್ಮ ಮಲೆನಾಡಿನಲ್ಲೇ ಇದೆ. ದೀಪಾವಳಿಯ ರಾತ್ರಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಬರುತ್ತಾರೆ. ಮುಂದಿನವರು ಒಂದು ಸೊಲ್ಲು ಎತ್ತಿದರೆ ಹಿಂದಿನವರು ಹಿಡಿದು ಹಾಡಬೇಕು. ಜಗಲಿಯ ಮೇಲೆ ಕೂತ ಮನೆಯವರೂ ಕಡೆಗೆ ದನಿ ಸೇರಿಸುತ್ತಾರೆ. ರಘು ವೇದಿಕೆಯ ಮೇಲೆ ಮಾಡುವುದೂ ಅದನ್ನೇ: ಜನರನ್ನು ಕೂರಲು ಬಿಡುವುದಿಲ್ಲ, ಸೊಲ್ಲನ್ನು ಅವರ ಬಾಯಿಗೆ ಹಾಕುತ್ತಾರೆ. ಕರ್ತೃ ಗೊತ್ತಿರುವ ತತ್ವಪದವನ್ನು ಪಂಡಿತರು ಜಾನಪದದಿಂದ ಬೇರೆ ಇಡಬಹುದು. ಜನ ಕೂಡಿ ಹಾಡಿದ್ದನ್ನು ನಾನಂತೂ ಬೇರೆ ಇಡಲಾರೆ.

ಒಂದು ತಕರಾರು ನನ್ನದೂ ಇದೆ. ಡ್ರಮ್ಸ್ ಏರಿದ ಕಡೆ ಪದ ಮುಳುಗುತ್ತದೆ. ಮಾಳಿಗೆ ಸೋರುವುದು ಅಜ್ಞಾನದಿಂದ ಅಂತ ಶರೀಫರು ಹೇಳುವುದು ಕೇಳಿಸಲೇಬೇಕು. ಅದಕ್ಕೇ ನನ್ನ ಹುಡುಗರಿಗೆ ಮೊದಲು ಪದವನ್ನು ಬಾಯಲ್ಲಿ ಹೇಳಿಸುತ್ತೇನೆ, ತಂತಿ ಮುಟ್ಟಲು ಬಿಡುವುದು ಆಮೇಲೆ.