ಕ್ಯಾಮ್ ಹಾಕ್ಸಿದಿ, ಗೇರಿನ ಲೆಕ್ಕ ಯಾರ್ ನೋಡಾವ್ರು?

ಮೊನ್ನೆ ಹುಬ್ಬಳ್ಳಿ ಗೋಕುಲ ರೋಡ್ ಗ್ಯಾರೇಜಿಗೆ ಒಬ್ಬ ಹುಡುಗ ಮಾರುತಿ ಎಸ್ಟೀಮ್ ಕಾರು ತಂದಿದ್ದ, ಎಂಜಿನ್ ವಾಲ್ವ್ ತಗದು ಮುಚ್ಚೂ ಕ್ಯಾಮ್ ದೊಡ್ಡದ ಹಾಕ್ಸಿದ್ದ. ಐಡ್ಲಿಂಗ್‌ನ್ಯಾಗ ಆ ಗಾಡಿ ಗುಡುಗುಡು ಅಂತ ಕುಣಿಯೂದ ಕೇಳಿ ಎಲ್ಲಾರೂ ಕೆಲಸ ಬಿಟ್ಟು ಬಂದು ನಿಂತ್ರು, ಮೇಸ್ತ್ರಿ ಮಾತ್ರ ಬಾನೆಟ್ ಸುದ್ದಾ ಎತ್ತಲಿಲ್ಲ.

"ತಮ್ಮಾ, ಡಿಫರೆನ್ಶಿಯಲ್ ಯಾವ್ದು?" ಚಕ್ರಕ್ಕ ಓಟ ಕೊಡೂ ಕಡೀ ಗೇರಿನ ಬಗ್ಗೆ ಕೇಳಿದ್ರು ಮೇಸ್ತ್ರಿ.

"ಕಂಪನಿದ ಐತಿ ಕಾಕಾ, ಕ್ಯಾಮ್ ಅಷ್ಟ ಹಾಕ್ಸೀನಿ."

"ಹಂಗಾರ ಅರ್ಧಾ ಗಾಡಿ ಮಾಡ್ಸಿದಿ."

ಈ ಅರ್ಧಾ ಗಾಡಿ ಅನ್ನೂ ಮಾತು ತಲ್ಯಾಗಿಂದ ಹೋಗವಲ್ದು. ಹುಡುಗ ದಿನಾ ಧಾರವಾಡಕ್ಕ ಕೆಲಸಕ್ಕ ಹೋಗಾಂವ, ಯಾವಾಗರೆ ಒಮ್ಮೆ 402 ಮೀಟರ್ ನೆಟ್ಟಗಿನ ಡ್ರ್ಯಾಗ್ ರೇಸ್ ಓಡಸೂ ಆಸೆ. ಈಗ ನೋಡಿದ್ರ ಹಂಪ್ ದಾಟಿ ಸೆಕೆಂಡ್‌ನ್ಯಾಗ ಎಳೀಲಿಕ್ಕೇ ಆಗವಲ್ದು. ದೊಡ್ಡ ಕ್ಯಾಮ್ ಅಂದ್ರ ಗಾಳಿ ಒಳಗ ಬಿಡೂ ಇನ್‌ಟೇಕ್ ವಾಲ್ವ್ ತಡಾ ಆಗಿ ಮುಚ್ಚತೈತಿ, ಕಡಿಮಿ ಆರ್‌ಪಿಎಂನ್ಯಾಗ (ನಿಮಿಷಕ್ಕ ಎಂಜಿನ್ ಸುತ್ತು) ಪಿಸ್ಟನ್ ಮ್ಯಾಲ ಬರೂಮುಂದ ಒಳಗ ಬಂದ ಗಾಳಿ ಪೆಟ್ರೋಲನ್ನ ವಾಪಸ್ ಮ್ಯಾನಿಫೋಲ್ಡ್ ಪೈಪಿಗೆ ತಳ್ಳತೈತಿ, ಒಳಗಿನ ಒತ್ತಡ ಅಂದ್ರ ಕಂಪ್ರೆಶನ್ ಬೀಳತೈತಿ. ಮ್ಯಾಲಿನ ಆರ್‌ಪಿಎಂನ್ಯಾಗ ಗಾಳಿಗೆ ಓಟ ಬಂದಿರತೈತಿ, ಆವಾಗ ಅದ ತಡಾ ಮುಚ್ಚೂದ ಲಾಭ.

ಅಂದ್ರ ಎಂಜಿನ್ ಮ್ಯಾಲಿನ ಆರ್‌ಪಿಎಂನ್ಯಾಗ ಇರಬೇಕು, ಅಲ್ಲಿ ಇಡಾವ್ರು ಗೇರು. ಡಿಫರೆನ್ಶಿಯಲ್ ರೇಶಿಯೋ (ಚಕ್ರದ ಒಂದ ಸುತ್ತಿಗೆ ಗೇರ್ ಬಾಕ್ಸ್ ಕಡೆ ಎಷ್ಟು ಸುತ್ತು) 4.1 ತಗದು 4.5 ಹಾಕಿದ್ರ ಸಿಗ್ನಲ್‌ನಿಂದ ಏಳೂದು ಚಲೋ ಆಗತೈತಿ, ಆದ್ರ ಬೈಪಾಸ್‌ನ್ಯಾಗ 3000 ಆರ್‌ಪಿಎಂಗೆ ಹೋಗೂ ಸ್ಪೀಡಿಗೆ 3300 ಬೇಕು, ದಿನಾ ಆ ಸಪ್ಪಳ, ದಿನಾ ಆ ಪೆಟ್ರೋಲು. ಮತ್ತ ಭಾಳ ಮಂದಿ ಮರಿಯೂದು ಅಂದ್ರ, ಡಿಫರೆನ್ಶಿಯಲ್ ಬದಲಿಸಿದ್ರೂ ಗೇರ್ ಗೇರಿನ ನಡುವಿನ ಅಂತರ ಹಂಗ ಇರತೈತಿ. ಸೆಕೆಂಡ್ ಗೇರಿನ ರೇಶಿಯೋ 1.9, ಥರ್ಡ್ 1.28 ಅಂತ ಹಿಡೀರಿ, 6500 ಆರ್‌ಪಿಎಂಗೆ ಥರ್ಡ್ ಹಾಕಿದ್ರ ಎಂಜಿನ್ 4400ರ ಹತ್ರ ಬೀಳತೈತಿ. ಕ್ಯಾಮಿನ ಜೋರು ಶುರು ಆಗೂದ 5000ಕ್ಕ ಆದ್ರ ಡ್ರ್ಯಾಗ್‌ನ್ಯಾಗೂ ಸೋತಂಗ. ಅದಕ್ಕ ಗೇರಿನ ನಡುವಿನ ಅಂತರ ಕಡಿಮಿ ಇರೂ ಕ್ಲೋಸ್ ರೇಶಿಯೋ ಗೇರ್ ಬಾಕ್ಸ್ ಬೇಕು, ಅದರ ರೊಕ್ಕ ಕ್ಯಾಮಿಗಿಂತ ಭಾಳ ಜಾಸ್ತಿ.

ನನಗ ಸಿಟ್ಟು ಹುಡುಗನ ಮ್ಯಾಲ ಅಲ್ಲ, ಕ್ಯಾಮ್ ಮಾರಿದಾವ್ರ ಮ್ಯಾಲ. ಯಾವ ರಸ್ತೆ, ಎಷ್ಟು ಕಂಪ್ರೆಶನ್, ಯಾವ ಗೇರು ಒಂದೂ ಕೇಳಿಲ್ಲಂತ, ರೊಕ್ಕ ಎಣಿಸಿಕೊಂಡು ಡಬ್ಬಿ ಕೊಟ್ಟಾರ. ನಮ್ಮ ಮೇಸ್ತ್ರಿ ಒಂದ ಪ್ರಶ್ನೆದಾಗ ರೋಗ ಹಿಡದ್ರು. ಇಂಥಾವ್ರ ಹತ್ರ ಮೊದಲ ಬರಬೇಕು, ನಮ್ಮ ಹುಡುಗ್ರು ವಿಡಿಯೋ ನೋಡಿ, ಖರ್ಚು ಮಾಡಿ ಆಮ್ಯಾಲ ಬರತಾರ.

ಮೇಸ್ತ್ರಿ ಸಣ್ಣ ಕ್ಯಾಮ್ ಹಾಕ್ಸು, ಕಂಪನಿ ಗೇರ್ ಸಾಕು ಅಂದಾರ, ನಾನೂ ಅದನ್ನ ಹೇಳೀನಿ. ಹುಡುಗನಿಗೆ ಆ ಗುಡುಗುಡು ಬಿಡಾಕ ಮನಸಿಲ್ಲ, ಇನ್ನೂ ಹ್ಞೂಂ ಅಂದಿಲ್ಲ.