ಹತ್ತು ಸಾವಿರ ಆಮೇಲೆ, ಮೊದಲು ನಿಮ್ಮ ಹೆಜ್ಜೆ ಎಷ್ಟು ಅಂತ ನೋಡಿ

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೀಬೇಕು ಅನ್ನೋ ಮಾತು ಕೇಳಿ ಹೆಜ್ಜೆ ಎಣಿಸೋಕೆ ಹೊರಟವರಿಗೆ ನಾನು ಹೇಳೋದು ಒಂದೇ. ಮೊದಲ ವಾರ ಒಂದು ಹೆಜ್ಜೆಯನ್ನೂ ಜಾಸ್ತಿ ಹಾಕಬೇಡಿ. ಫೋನಿನಲ್ಲೋ ಹೆಜ್ಜೆ ಎಣಿಸೋ ಬ್ಯಾಂಡಿನಲ್ಲೋ ಸುಮ್ನೆ ಎಣಿಸಿ. ಎಂದಿನಂತೆ ಕೆಲಸಕ್ಕೆ ಹೋಗಿ, ಅಡುಗೆ ಮಾಡಿ, ಟಿವಿ ನೋಡಿ, ಮಲಗುವ ಮುಂಚೆ ಆ ದಿನದ ಸಂಖ್ಯೆ ಕ್ಯಾಲೆಂಡರಿನಲ್ಲಿ ಬರೆದಿಡಿ. ವಾರದ ಸರಾಸರಿ ಎಷ್ಟು ಬರುತ್ತೋ ಅಲ್ಲಿಂದ ನಿಮ್ಮ ಲೆಕ್ಕ ಶುರು.

ಯಾಕೆ ಅಂದರೆ, ದಿನಕ್ಕೆ ಮೂರು ಸಾವಿರ ನಡೆಯುವವರು ನಾಳೆಯಿಂದಲೇ ಹತ್ತು ಸಾವಿರ ಅಂತ ಹೊರಟರೆ ಕಾಲು ನೋವು ಬರುತ್ತೆ, ಬೇಜಾರಾಗುತ್ತೆ, ಕೊನೆಗೆ ಎಣಿಸೋದೇ ನಿಂತುಹೋಗುತ್ತೆ. ಆ ಹತ್ತು ಸಾವಿರ ಡಾಕ್ಟರು ಬರೆದುಕೊಟ್ಟ ಡೋಸ್ ಏನೂ ಅಲ್ಲ. 1965ರಲ್ಲಿ, ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, ಜಪಾನಿನ ಯಮಾಸಾ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ, ಹೆಜ್ಜೆ ಎಣಿಸುವ ಒಂದು ಯಂತ್ರವನ್ನು ಆ ಸಂಖ್ಯೆಯ ಹೆಸರಿನಲ್ಲೇ ಮಾರಾಟಕ್ಕೆ ತಂದಿತು, ಸಂಖ್ಯೆ ಜನರ ಬಾಯಲ್ಲಿ ಉಳಿದುಕೊಂಡಿತು. 2019ರಲ್ಲಿ ಅಮೆರಿಕದ ಸುಮಾರು 16,700 ಹಿರಿಯ ಹೆಂಗಸರ ಮೇಲೆ ಮಾಡಿದ ಅಧ್ಯಯನ ಬಂತು. ಅವರ ಸರಾಸರಿ ವಯಸ್ಸು 72. ದಿನಕ್ಕೆ 2,700 ಹೆಜ್ಜೆ ಹಾಕುತ್ತಿದ್ದವರಿಗಿಂತ 4,400 ಹಾಕುತ್ತಿದ್ದವರಲ್ಲಿ ಸಾವಿನ ಪ್ರಮಾಣ 41 ಪರ್ಸೆಂಟ್ ಕಡಿಮೆ ಕಂಡಿತು, 7,500 ದಾಟಿದ ಮೇಲೆ ಅಂಥ ವ್ಯತ್ಯಾಸವೇ ಕಾಣಲಿಲ್ಲ. ಎಷ್ಟು ಜೋರಾಗಿ ನಡೆದರು ಅನ್ನೋದಕ್ಕಿಂತ ಒಟ್ಟು ಎಷ್ಟು ನಡೆದರು ಅನ್ನೋದೇ ಮುಖ್ಯವಾಗಿತ್ತು. ವಯಸ್ಸಾದವರಿಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕಾ?

ನಮ್ಮ ಅಮ್ಮನಿಗೆ ಇದನ್ನೇ ಹೇಳಿದೆ. 'ಬೆಳಗಿಂದ ರಾತ್ರಿವರೆಗೂ ಕಾಲ ಮೇಲೇ ಇರ್ತೀನಿ, ನಂಗ್ಯಾಕೆ ವಾಕಿಂಗು' ಅಂದರು. ಅವರ ಫೋನ್ ಇಡೀ ದಿನ ಫ್ರಿಜ್ ಮೇಲೆ ಇರುತ್ತೆ, ಸೀರೆಗೆ ಜೇಬಿಲ್ಲ, ಹಾಗಾಗಿ ಫೋನಿನ ಲೆಕ್ಕ ನಂಬೋ ಹಾಗಿರಲಿಲ್ಲ. ಕೈಗೆ ಬ್ಯಾಂಡ್ ಕಟ್ಟಿದೆವು. ಸಂಖ್ಯೆ ನಾವೆಲ್ಲ ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ ಬಂತು. ಅಡುಗೆಮನೆ ಕೆಲಸದಲ್ಲಿ ನಿಂತು ನಿಂತು ಸೊಂಟ ಬಿದ್ದುಹೋಗುತ್ತೆ, ಆದರೆ ಒಲೆಯಿಂದ ಸಿಂಕಿಗೆ ನಾಲ್ಕೇ ಹೆಜ್ಜೆ ಅಲ್ವಾ! ಮನೆಯಲ್ಲಿ ದುಡಿಯೋ ಹೆಂಗಸರಿಗೆ 'ನಿಮಗೆ ಕೆಲಸದಲ್ಲೇ ವ್ಯಾಯಾಮ ಆಗುತ್ತೆ' ಅಂತ ಹೇಳುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ. ಅವರಿಗೆ ಆಗೋದು ಸುಸ್ತು. ನಡಿಗೆಗೆ ಬೇರೆ ಹೊತ್ತು ಬೇಕು, ಆ ಹೊತ್ತಿನಲ್ಲಿ ಮನೆ ಕೆಲಸ ಉಳಿದವರು ಹಂಚಿಕೊಳ್ಳಬೇಕು.

ಈಗ ಅಮ್ಮ ಬಾಗಿಲಿಗೆ ಬರೋ ಹೂವಿನವರನ್ನು ಕಾಯಲ್ಲ, ತಾವೇ ಸರ್ಕಲ್ ತನಕ ನಡೆದು ತರುತ್ತಾರೆ. ಸಂಜೆ ಅಪ್ಪ ಕುಕ್ಕರಿಗೆ ಅಕ್ಕಿ ಇಡುತ್ತಾರೆ, ಅಮ್ಮ ಪಕ್ಕದ ಮನೆಯವರ ಜೊತೆ ಕುಕ್ಕರಹಳ್ಳಿ ಕೆರೆಗೆ. ಪೂರ್ತಿ ಸುತ್ತು ಹಾಕೋದಿಲ್ಲ, ಅದು ಜಾಸ್ತಿಯೇ ದೂರ. ಸ್ವಲ್ಪ ದೂರ ಹೋಗಿ, ಕಲ್ಲು ಬೆಂಚಿನ ಮೇಲೆ ಕೂತು, ಕೊಕ್ಕರೆ ನೋಡಿಕೊಂಡು ವಾಪಸ್. ಒಂದು ಕಿಲೋಮೀಟರಿಗೆ ಹೆಚ್ಚುಕಮ್ಮಿ 1,300ರಿಂದ 1,500 ಹೆಜ್ಜೆ, ಕುಳ್ಳಗಿದ್ದವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಹಾಗಾಗಿ ಹೋಗಿ ಬರೋದು ಎರಡು ಕಿಲೋಮೀಟರ್ ಆದರೂ ಮೂರು ಸಾವಿರದ ಹತ್ತಿರ ಬಂತು ನೋಡಿ.

ಯಂತ್ರದ ಬಗ್ಗೆ ಒಂದೆರಡು ಮಾತು. ದುಬಾರಿ ವಾಚ್ ಬೇಕಾಗಿಲ್ಲ, ಜೇಬಿನಲ್ಲಿ ಇಟ್ಟುಕೊಂಡರೆ ಫೋನೇ ಸಾಕು. ಒಳಗಿರುವ ಪುಟ್ಟ ಸೆನ್ಸರ್ ಮೈ ಅಲುಗಾಟ ನೋಡಿ ಹೆಜ್ಜೆ ಅಂತ ಲೆಕ್ಕ ಹಾಕುತ್ತೆ, ಅದಕ್ಕೇ ಕೈಗೆ ಕಟ್ಟಿದ್ದು ಸ್ಕೂಟರ್ ಕುಲುಕಿದರೂ ಒಮ್ಮೊಮ್ಮೆ ಎಣಿಸುತ್ತೆ, ಸೂಪರ್ ಮಾರ್ಕೆಟ್ಟಿನ ಟ್ರಾಲಿ ಹಿಡಿದು ನಡೆದರೆ ಕೆಲವು ಹೆಜ್ಜೆ ಬಿಟ್ಟೂ ಬಿಡುತ್ತೆ. ತಲೆ ಕೆಡಿಸಿಕೊಳ್ಳಬೇಡಿ. ದಿನಾ ಅದೇ ಯಂತ್ರ, ಅದೇ ಜಾಗದಲ್ಲಿ ಇದ್ದರೆ ನಿನ್ನೆಗೂ ಇವತ್ತಿಗೂ ಹೋಲಿಸೋಕೆ ಧಾರಾಳ ಸಾಕು.

ನಿಮ್ಮ ಸರಾಸರಿ ಸಿಕ್ಕಿದ ಮೇಲೆ ಅದಕ್ಕೆ 500 ಸೇರಿಸಿ. ಎರಡು ವಾರ ಅಷ್ಟೇ ಇರಲಿ. ಕಷ್ಟ ಅನಿಸದಿದ್ದರೆ ಇನ್ನೊಂದು 500. ಮಂಡಿ ನೋವೋ ಹೃದಯದ ತೊಂದರೆಯೋ ಇದ್ದವರು ಡಾಕ್ಟರನ್ನು ಕೇಳಿಯೇ ಏರಿಸಿ.